ಸಣ್ಣ ಕಾಲೇಜಿನಲ್ಲಿ ಫ್ರಾಟರ್ನಿಟಿ ರಷ್ ಹೇಗಿರುತ್ತದೆ

ಅಮೆರಿಕದ ಓಹಿಯೋ ರಾಜ್ಯದ ಸಣ್ಣ ಕಾಲೇಜಿನಲ್ಲಿರುವ ಮಗನಿಗೆ ಫ್ರಾಟರ್ನಿಟಿ ರಷ್‌ಗೆ, ಅಂದರೆ ಹುಡುಗರ ವಿದ್ಯಾರ್ಥಿ ಸಂಘಗಳು ಹೊಸ ಸದಸ್ಯರನ್ನು ಆರಿಸಿಕೊಳ್ಳುವ ಸಮಯಕ್ಕೆ, ಸೂಟು ಕೊಡಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ ಸರ್. ಸಾವಿರ ಚಿಲ್ಲರೆ ವಿದ್ಯಾರ್ಥಿಗಳಿರುವ ಕಡೆ ರಷ್ ಅಂದರೆ ಜಾಸ್ತಿ ಒಡನಾಟವೇ. ಊಟದ ಹಾಲ್‌ನಲ್ಲಿ ಪಕ್ಕ ಕೂತವನು, ಲ್ಯಾಬಿನ ಸೀನಿಯರ್, ಇಂಥವರೇ ‘ಭಾನುವಾರ ನಮ್ಮ ಹೌಸಿಗೆ ಬಾ, ಪಿಜ್ಜಾ ತಿಂದು ಮ್ಯಾಚ್ ನೋಡೋಣ’ ಅಂತ ಕರೆಯುತ್ತಾರೆ. ಆಮೇಲೆ ಸದಸ್ಯರು ಕೂತು ತೀರ್ಮಾನಿಸಿ ‘ಬಿಡ್’, ಅಂದರೆ ಸೇರುವ ಆಹ್ವಾನ, ಕೊಡುತ್ತಾರೆ. ಎಷ್ಟೋ ಕಾಲೇಜುಗಳಲ್ಲಿ ಮೊದಲ ಸೆಮಿಸ್ಟರಿನಲ್ಲಿ ಸೇರುವಂತಿಲ್ಲ. ಒಳ್ಳೆಯದೇ, ಅಲ್ವಾ? ನೋಡಿ ಆರಿಸಲು ಟೈಮ್ ಸಿಗುತ್ತದೆ. ಬಿಡ್ ಒಪ್ಪುವ ಮೊದಲು ಸೆಮಿಸ್ಟರಿಗೆ ಫ್ರಾಟರ್ನಿಟಿಯ ಫೀಸು ಎಷ್ಟು ಅಂತ ಕೇಳಲಿ. ಕುಡಿಯಲು ಬಲವಂತ ಮಾಡಿದರೆ ಮಾತ್ರ ಸುಮ್ನಿರಬಾರದು. 2021ರಲ್ಲಿ ಓಹಿಯೋ ಇದರ ಕಾನೂನು ಬಿಗಿ ಮಾಡಿದೆ, ಜೈಲೂ ಆಗಬಹುದು. ಇದನ್ನು ಇವತ್ತೇ ಅವನಿಗೆ ಫೋನ್ ಮಾಡಿ ಹೇಳಿ.