ನಿಮ್ಮ ಪ್ರಶ್ನೆ, ನಮ್ಮ ಉತ್ತರ: ನೀರಿನ ಚಪ್ಪಟೆ ಹುಳುಗಳು

ಮಳೆ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹುಳುಹುಪ್ಪಟೆಗಳದ್ದೇ ದೊಡ್ಡ ಪಾಲು. ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳಿಂದ ಬಂದ ಹಲವು ಪತ್ರಗಳು ಒಂದೇ ಬಳಗದ ಪ್ರಾಣಿಯನ್ನು ಕುರಿತವು. ಬರೆದವರಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಪ್ರಶ್ನೆ: 40 ಲೀಟರಿನ ಗಾಜಿನ ತೊಟ್ಟಿಯಲ್ಲಿ ಪುಟ್ಟ ಕೆಂಪು ಸಿಗಡಿ ಸಾಕಿದ್ದೇನೆ. ರಾತ್ರಿ ಲೈಟ್ ಹಾಕಿದರೆ ಗಾಜಿನ ಮೇಲೆ ಬಿಳಿ ಹುಳುಗಳು ಕಾಣುತ್ತವೆ. ಸಿಗಡಿ ಮರಿಗಳು ದಿನೇ ದಿನೇ ಕಡಿಮೆಯಾಗುತ್ತಿವೆ. ನಾಯಿಯ ಜಂತುಮಾತ್ರೆ ಹಾಕಬಹುದೇ? ಅಡಿಕೆ ಪುಡಿ ಹಾಕಿದರೂ ಸಾಯುತ್ತವಂತೆ, ನಿಜವೇ? (ತುಮಕೂರು)

ಮಾತ್ರೆಗೆ ಕೈಹಾಕುವ ಮೊದಲು ಒಂದು ಲೆನ್ಸ್ ಹಿಡಿದು ನೋಡಿ. ತಲೆ ಬಾಣದ ತುದಿಯಂತೆ ಮುಕ್ಕೋನವಾಗಿದ್ದು, ಅದರ ಮೇಲೆ ಎರಡು ಕಪ್ಪು ಕಣ್ಣುಚುಕ್ಕೆಗಳಿದ್ದರೆ ಅದು ಪ್ಲನೇರಿಯಾ ಎಂಬ ಚಪ್ಪಟೆ ಹುಳು. ಅದು ನುಲಿಯುವುದಿಲ್ಲ, ಒಂದೇ ಸಮನೆ ಜಾರುತ್ತದೆ. ಹೊಟ್ಟೆಯಡಿಯ ಸಣ್ಣ ರೋಮಗಳು ಲೋಳೆಯ ಮೇಲೆ ಅದನ್ನು ನಡೆಸುತ್ತವೆ. ಮುಟ್ಟಿದರೆ ಮುದುಡಿ ಉಂಡೆಯಾಗುತ್ತದೆ. ಕೂದಲಿನಂತೆ ತೆಳ್ಳಗಿದ್ದು ನೀರಿನಲ್ಲಿ ಹಾವಿನ ಹಾಗೆ ಕೊಂಕುವುದಾದರೆ ಅದು ಎರೆಹುಳುವಿನ ಸಂಬಂಧಿ, ಕಸ ತಿಂದು ಬದುಕುವಂಥದ್ದು, ಸಿಗಡಿಗೆ ಅಪಾಯವಿಲ್ಲ. ಒಂದೆರಡು ಮಿಲಿಮೀಟರ್ ಉದ್ದದ, ದುಂಡು ತಲೆಯ ಬಿಳಿ ಚೂರುಗಳು ಚಪ್ಪಟೆ ಹುಳುಗಳೇ ಆದರೂ ಬೇರೆ ಗುಂಪಿನವು. ಅವನ್ನೂ ಬಿಟ್ಟುಬಿಡಬಹುದು.

ಪ್ಲನೇರಿಯಾ ಆದರೆ ನಿಮ್ಮ ಅನುಮಾನ ಸರಿ. ಅದರ ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುವೆ ಇದೆ. ಅಲ್ಲಿಂದ ಬಿಳಿ ಕೊಳವೆಯೊಂದನ್ನು ಹೊರಚಾಚಿ ಬೇಟೆಯ ಮೆತ್ತನೆಯ ಭಾಗವನ್ನು ಹೀರುತ್ತದೆ. ದೊಡ್ಡ ಸಿಗಡಿ ತಪ್ಪಿಸಿಕೊಳ್ಳುತ್ತದೆ, ಮರಿಗಳಿಗೂ ಪೊರೆ ಕಳಚಿದ ಸಿಗಡಿಗೂ ಆಗುವುದಿಲ್ಲ.

ಹುಳು ಹೆಚ್ಚಿದೆ ಎಂದರೆ ತೊಟ್ಟಿಗೆ ಬೀಳುವ ಆಹಾರ ಹೆಚ್ಚು ಎಂದರ್ಥ. ಎರಡು ಗಂಟೆಯಲ್ಲಿ ಮುಗಿಯದಷ್ಟು ತಿಂಡಿ ಹಾಕಬೇಡಿ. ವಾರಕ್ಕೆ ಎರಡು ದಿನ ಉಪವಾಸವಿಡಿ, ತಳದ ಮರಳಿನ ಕೊಳೆಯನ್ನು ಪೈಪಿನಿಂದ ಎಳೆಯಿರಿ. ಜೊತೆಗೆ ಬಲೆ: ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಕಾದ ಸೂಜಿಯಿಂದ ಎರಡು ಮಿಲಿಮೀಟರ್ ತೂತುಗಳನ್ನು ಮಾಡಿ, ಒಳಗೆ ಕಡಲೆಕಾಳಿನಷ್ಟು ಹಸಿ ಮಾಂಸವಿಟ್ಟು, ಲೈಟ್ ಆರಿಸಿ ರಾತ್ರಿ ಮುಳುಗಿಸಿಡಿ. ಬೆಳಕು ಹರಿಯುವ ಮೊದಲೇ ತೆಗೆಯಿರಿ. ತಡವಾದರೆ ಹುಳುಗಳು ತಿಂದು ಹೊರಟುಹೋಗಿರುತ್ತವೆ, ಮಾಂಸ ಮಾತ್ರ ಕೊಳೆಯುತ್ತದೆ. ಸಿಕ್ಕವನ್ನು ಚೂರು ಮಾಡಿ ಎಸೆಯಬೇಡಿ, ಚೂರುಗಳೆಲ್ಲ ಹುಳುಗಳಾಗುತ್ತವೆ. ಬಿಸಿನೀರು ಹಾಕಿ. ಕೆರೆಗಂತೂ ಬಿಡಲೇಬೇಡಿ. ಅಮೆರಿಕ ಮೂಲದ ಜಿರಾರ್ಡಿಯಾ ಎಂಬ ಪ್ಲನೇರಿಯಾ ಅಕ್ವೇರಿಯಂ ಗಿಡಗಳ ಜೊತೆ ಹೀಗೆಯೇ ಖಂಡಾಂತರ ಹೋಗಿದೆ.

ಇಷ್ಟಕ್ಕೂ ಬಗ್ಗದಿದ್ದರೆ ಜಂತುನಾಶಕ ಫೆನ್‌ಬೆಂಡಜೋಲ್. ನಾಯಿಯ ಮಾತ್ರೆಗಳಲ್ಲಿ ಹಲವು ಎರಡು ಮೂರು ಔಷಧಗಳ ಮಿಶ್ರಣ, ಅವು ಬೇಡ. ಫೆನ್‌ಬೆಂಡಜೋಲ್ ಒಂದೇ ಇರುವ 150 ಮಿಲಿಗ್ರಾಂ ಮಾತ್ರೆಯನ್ನು ಪುಡಿಮಾಡಿ ಆರು ಪಾಲು ಮಾಡಿದರೆ ಒಂದು ಪಾಲು 25 ಮಿಲಿಗ್ರಾಂ, ನಿಮ್ಮ 40 ಲೀಟರಿಗೆ ಅಷ್ಟು ಸಾಕು. ಅದು ನೀರಿನಲ್ಲಿ ಸುಲಭವಾಗಿ ಕರಗದು. ಸಣ್ಣ ಬಾಟಲಿ ನೀರಿಗೆ ಹಾಕಿ ಚೆನ್ನಾಗಿ ಕುಲುಕಿ ಸುರಿಯಿರಿ. ತೊಟ್ಟಿಯಲ್ಲಿ ಬಸವನಹುಳುಗಳಿದ್ದರೆ ಮೊದಲೇ ಬೇರೆ ಕಡೆಗೆ ಸಾಗಿಸಿ, ಕೆಲವು ಜಾತಿಗಳು ಈ ಔಷಧಕ್ಕೆ ಸಾಯುತ್ತವೆ. ಸಿಗಡಿ ಸಾಯುವುದು ಸಾಮಾನ್ಯವಾಗಿ ಔಷಧದಿಂದಲ್ಲ, ಒಟ್ಟಿಗೆ ಸತ್ತ ನೂರಾರು ಹುಳು ಕೊಳೆತು ಏಳುವ ಅಮೋನಿಯಾದಿಂದ. ಎರಡು ದಿನ ಬಿಟ್ಟು ಮೂರನೇ ಒಂದು ಭಾಗ ನೀರು ಬದಲಿಸಿ.

ಅಡಿಕೆಯ ಮಾತು ಸುಳ್ಳಲ್ಲ. ಅದರಲ್ಲಿರುವ ಅರೆಕೋಲಿನ್ ಚಪ್ಪಟೆ ಹುಳುಗಳ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ನಾಯಿಯ ಲಾಡಿಹುಳುವಿಗೆ ಹಿಂದೆ ಅದನ್ನೇ ಕೊಡುತ್ತಿದ್ದರು, ಅಕ್ವೇರಿಯಂ ಅಂಗಡಿಯ ಪ್ಲನೇರಿಯಾ ಪುಡಿಗಳಲ್ಲಿ ಕೆಲವು ಅಡಿಕೆಯ ಸಾರವೇ. ಆದರೆ ಗುಬ್ಬಿಯ ಅಡಿಕೆಯಲ್ಲಿ ಎಷ್ಟು, ತಿಪಟೂರಿನದರಲ್ಲಿ ಎಷ್ಟು, ಬೇಯಿಸಿದ್ದರಲ್ಲಿ ಎಷ್ಟು ಎಂದು ಅಳೆದು ಹಾಕುವುದು ಮನೆಯಲ್ಲಾಗದ ಕೆಲಸ. ಅದರ ಒಗರು ನೀರನ್ನು ಕಂದಾಗಿಸುತ್ತದೆ ಕೂಡ. ಅಡಿಕೆ ತಟ್ಟೆಯಲ್ಲೇ ಇರಲಿ.

ಪ್ರಶ್ನೆ: ಪ್ಲನೇರಿಯಾ ಕತ್ತರಿಸಿದರೆ ಎರಡಾಗುತ್ತದೆ ಎಂದು ಮಕ್ಕಳಿಗೆ ತೋರಿಸಬೇಕು. ನಮ್ಮ ಕಡೆ ಎಲ್ಲಿ ಹುಡುಕಲಿ? ಹಿಂದೆ ಒಮ್ಮೆ ತರಿಸಿದ್ದವು ಮೂರೇ ದಿನಕ್ಕೆ ಕರಗಿಹೋದವು. (ಪ್ರೌಢಶಾಲಾ ಶಿಕ್ಷಕಿ, ಮಧುಗಿರಿ)

ಕೆರೆಯ ನಡುನೀರಿನಲ್ಲಿ ಹುಡುಕಬೇಡಿ. ಈ ಹುಳುವಿಗೆ ರಕ್ತವಿಲ್ಲ, ಕಿವಿರಿಲ್ಲ, ಶ್ವಾಸಕೋಶವಿಲ್ಲ. ಆಮ್ಲಜನಕ ಚರ್ಮದ ಮೂಲಕವೇ ಒಳಗಿನ ಕೊನೆಯ ಕೋಶದವರೆಗೂ ಇಳಿಯಬೇಕು. ಅದಕ್ಕೇ ಅದು ಚಪ್ಪಟೆ, ಅದಕ್ಕೇ ತಂಪಾದ, ಸದಾ ಜಿನುಗುವ ನೀರು ಅದಕ್ಕೆ ಇಷ್ಟ. ನಿಮ್ಮ ಸೀಮೆಯ ತಲಪರಿಗೆಗಳಲ್ಲಿ (ನೆಲದಿಂದ ನೀರು ಜಿನುಗುವ ಒರತೆಗಳಲ್ಲಿ) ಬೇಸಿಗೆಯಲ್ಲೂ ಒಣಗದವು ಉಳಿದಿದ್ದರೆ ಮೊದಲು ಅಲ್ಲಿ ನೋಡಿ. ಜಯಮಂಗಲಿ ಹುಟ್ಟುವ ದೇವರಾಯನದುರ್ಗದ ಕಡೆಯ ತೊರೆಗಳೂ ಆಗಬಹುದು, ಅರಣ್ಯದೊಳಗಾದರೆ ಅನುಮತಿ ಪಡೆಯಿರಿ. ನೆರಳಿನಲ್ಲಿ, ಅಂಗೈಯಗಲದ ಕಲ್ಲುಗಳ ಅಡಿಭಾಗ ನೋಡಿ. ಉಗುರಿನಷ್ಟು ಉದ್ದದ ಕಂದು ಲೋಳೆಯಂತೆ ಅಂಟಿಕೊಂಡಿರುತ್ತವೆ. ಕಾಣದಿದ್ದರೆ ಕೋಳಿ ಈಲಿಯ (ಲಿವರ್) ತುಂಡನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ದಾರ ಬಿಗಿದು, ಸಂಜೆ ಕಲ್ಲಿನ ಸಂದಿಯಲ್ಲಿ ಒಂದೆರಡು ಗಂಟೆ ಬಿಡಿ. ತೆಗೆದು ಬಿಳಿ ತಟ್ಟೆಯ ನೀರಿನಲ್ಲಿ ಜಾಲಾಡಿಸಿ. ಹೀರುಬಟ್ಟಲು ಹಚ್ಚಿ ಅಳತೆ ಹಾಕಿದಂತೆ ನಡೆಯುವುದು ಜಿಗಣೆ, ಅದನ್ನು ವಾಪಸ್ ಬಿಡಿ. ಬರುವಾಗ ಅಲ್ಲಿನ ನೀರನ್ನೇ ಹತ್ತು ಲೀಟರ್ ಹೊತ್ತು ತನ್ನಿ.

ಹೋದ ಸಲ ಕರಗಿದ್ದಕ್ಕೆ ಕಾರಣ ಬಹುಶಃ ಈ ನಾಲ್ಕರಲ್ಲಿ ಒಂದು. ನಲ್ಲಿ ನೀರಿನ ಕ್ಲೋರಿನ್. ಆರ್‌ಓ ನೀರು: ಅದರಲ್ಲಿ ಲವಣ ಅತಿ ಕಡಿಮೆ ಇರುವುದರಿಂದ ಹುಳು ಉಬ್ಬಿ ಒಡೆಯುತ್ತದೆ. ತಾಮ್ರದ ಅಥವಾ ಹಿತ್ತಾಳೆಯ ಪಾತ್ರೆ: ತಾಮ್ರದ ಅಂಶ ಅತ್ಯಲ್ಪವಿದ್ದರೂ ಅದಕ್ಕೆ ವಿಷ. ಇಲ್ಲವೇ ಸೆಕೆ. 18ರಿಂದ 22 ಡಿಗ್ರಿ ಒಳ್ಳೆಯದು, 25 ದಾಟಲು ಬಿಡಬೇಡಿ. ಮಧುಗಿರಿಯ ಏಪ್ರಿಲಿನಲ್ಲಿ ಈ ಪ್ರಯೋಗ ಬೇಡವೇ ಬೇಡ, ನವೆಂಬರಿನಿಂದ ಜನವರಿಯೊಳಗೆ ಇಟ್ಟುಕೊಳ್ಳಿ. ಆಗಲೂ ಗಾಜಿನ ಬಟ್ಟಲನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗಿಟ್ಟು ಮುಚ್ಚಿದರೆ ತಂಪೂ ಸಿಗುತ್ತದೆ, ಕತ್ತಲೂ ಸಿಗುತ್ತದೆ.

ವಾರಕ್ಕೊಮ್ಮೆ ಈಲಿಯ ಚೂರು ಅಥವಾ ಬೇಯಿಸಿದ ಮೊಟ್ಟೆಯ ಹಳದಿ ಕೊಡಿ. ಎರಡು ಗಂಟೆಯ ನಂತರ ಮಿಕ್ಕಿದ್ದನ್ನು ತೆಗೆದು ನೀರು ಪೂರ್ತಿ ಬದಲಿಸಿ. ಶನಿವಾರ ಹಾಕಿ ಸೋಮವಾರ ತೆಗೆದರಾಯಿತು ಎಂದರೆ ಸೋಮವಾರ ಹುಳುಗಳಿರುವುದಿಲ್ಲ. ತಿಂಡಿ ಮರೆತರೆ ಮಾತ್ರ ಚಿಂತೆಯಿಲ್ಲ. ತಿಂಗಳುಗಟ್ಟಲೆ ಉಪವಾಸವಿದ್ದರೂ ಸಾಯದೆ, ತನ್ನ ಕೋಶಗಳನ್ನೇ ಕರಗಿಸಿಕೊಂಡು ಗಿಡ್ಡವಾಗುತ್ತ ಹೋಗುತ್ತದೆ, ಆಹಾರ ಸಿಕ್ಕಾಗ ಮತ್ತೆ ಬೆಳೆಯುತ್ತದೆ.

ಕತ್ತರಿಸುವ ಮೊದಲು ಒಂದು ವಾರ ಏನೂ ಕೊಡಬೇಡಿ. ಹೊಟ್ಟೆಯಲ್ಲಿ ಆಹಾರವಿದ್ದರೆ ಗಾಯದಲ್ಲಿ ಅದು ಕೊಳೆತು ತುಂಡೇ ಹಾಳಾಗುತ್ತದೆ. ಮಂಜುಗಡ್ಡೆಯ ಮೇಲೆ ಸ್ಲೈಡ್ ಇಟ್ಟು, ಅದರ ಮೇಲೆ ಒದ್ದೆ ಸೋಸುಕಾಗದ ಹಾಸಿ ಹುಳುವನ್ನು ಬಿಡಿ. ತಂಪಿಗೆ ಅದರ ಓಟ ನಿಧಾನವಾಗುತ್ತದೆ. ಮೈ ನೀಳವಾಗಿ ಚಾಚಿದ ಕ್ಷಣ ಹೊಸ ಬ್ಲೇಡಿನಿಂದ ಒಂದೇ ಒತ್ತಿಗೆ ಕತ್ತರಿಸಿ, ಗರಗಸದಂತೆ ಎಳೆಯಬೇಡಿ. ಮೊದಲ ಸಲಕ್ಕೆ ತಲೆ, ನಡು, ಬಾಲ ಎಂದು ಮೂರೇ ತುಂಡು ಸಾಕು. ಒಂದೊಂದನ್ನೂ ಬೇರೆ ಬಟ್ಟಲಿನಲ್ಲಿ, ಎರಡು ಸೆಂಟಿಮೀಟರ್ ನೀರಿನಲ್ಲಿ ಬಿಟ್ಟು ದಿನ ಬಿಟ್ಟು ದಿನ ನೀರು ಬದಲಿಸಿ. ಸೋಪಿನ ಅಂಶವಿರುವ ಬಟ್ಟಲು ಬೇಡ. ಎರಡು ಮೂರು ದಿನಕ್ಕೆ ಗಾಯದ ಅಂಚಿನಲ್ಲಿ ಬಣ್ಣವಿಲ್ಲದ ಬಿಳಿ ಮೊಗ್ಗು ಕಾಣುತ್ತದೆ. ವಾರದೊಳಗೆ ಅದರಲ್ಲಿ ಎರಡು ಕಣ್ಣುಚುಕ್ಕೆ ಮೂಡುತ್ತವೆ, ಎರಡು ವಾರಕ್ಕೆ ಹುಳು ಬಹುಮಟ್ಟಿಗೆ ಪೂರ್ತಿ. ಅಲ್ಲಿಯವರೆಗೂ ಆಹಾರ ಬೇಡ, ತಲೆಯ ತುಂಡಿಗೆ ಬಾಯೇ ಇರುವುದಿಲ್ಲ.

ಇದಕ್ಕೆಲ್ಲ ಮೂಲ ನಿಯೋಬ್ಲಾಸ್ಟ್ ಎಂಬ ಕಾಂಡಕೋಶಗಳು, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲವು. ಮೈಯ ಕೋಶಗಳಲ್ಲಿ ಸುಮಾರು ಕಾಲು ಭಾಗ ಅವೇ. ಅಮೆರಿಕದ ಜೀವವಿಜ್ಞಾನಿ ಟಿ. ಎಚ್. ಮಾರ್ಗನ್ 1898ರಲ್ಲಿ ಹುಳುವಿನ 279ನೇ ಒಂದು ಭಾಗವೂ ಪೂರ್ಣ ಹುಳುವಾಗಬಲ್ಲದು ಎಂದು ಲೆಕ್ಕ ಹಾಕಿದ್ದರು. ಪಠ್ಯಪುಸ್ತಕ ಹೇಳದ ಎರಡು ಮಾತು ಮಕ್ಕಳಿಗೆ ಹೇಳಿ: ಕಣ್ಣಿನ ಮುಂದಿನ ತಲೆತುದಿಯಿಂದಲೂ ಹೀರುಕೊಳವೆಯಿಂದಲೂ ಹುಳು ಹುಟ್ಟದು, ಅಲ್ಲಿ ಈ ಕೋಶಗಳಿಲ್ಲ. ಎಲ್ಲ ಪ್ಲನೇರಿಯಾಗಳಿಗೂ ಈ ಶಕ್ತಿ ಒಂದೇ ತೆರನಾಗಿಲ್ಲ. ಡೆಂಡ್ರೋಸೀಲಂ ಎಂಬುದರ ಬಾಲದ ತುಂಡು ತಲೆ ಬೆಳೆಸದು. 2013ರಲ್ಲಿ ವಿಜ್ಞಾನಿಗಳು ಒಂದು ಜೀನ್ ಸಂಕೇತವನ್ನು ತಡೆದಾಗ ಅದಕ್ಕೂ ತಲೆ ಬಂತು.

ಎರಡು ತಲೆಯ ಹುಳು ಬೇಕೆಂದು ಯಾರಾದರೂ ಹಟ ಹಿಡಿದೇ ಹಿಡಿಯುತ್ತಾರೆ. ತಲೆಯನ್ನು ಕಣ್ಣುಗಳ ನಡುವೆ ಉದ್ದುದ್ದ ಸೀಳಿ. ಸೀಳು ಗಂಟೆಗಳಲ್ಲೇ ಮತ್ತೆ ಕೂಡಿಕೊಳ್ಳುವುದರಿಂದ ಮೊದಲ ದಿನ ಎರಡು ಮೂರು ಸಲ ಬಿಡಿಸಬೇಕು. ಆಗದಿದ್ದರೆ ಅದೇ ಕಾರಣ.

ಪ್ರಶ್ನೆ: ಬೇಸಿಗೆಯಲ್ಲಿ ಬಿರುಕು ಬಿಟ್ಟಿದ್ದ ನಮ್ಮ ಕುಂಟೆಗೆ ಮಳೆನೀರು ಬಂದು ಹದಿನೈದು ದಿನವಾಗಿಲ್ಲ, ಗಾಜಿನ ಎಲೆಯಂಥ ಪಾರದರ್ಶಕ ಹುಳುಗಳು ಈಜುತ್ತಿವೆ. ಎಲ್ಲಿಂದ ಬಂದವು? ಔಷಧಿ ಹೊಡೆಯಬೇಕೇ? (ಬಂಗಾರಪೇಟೆ)

ಹೊಡೆಯಬೇಡಿ. ನಿಮ್ಮ ವರ್ಣನೆಗೆ ಹೊಂದುವುದು ಮೀಸೊಸ್ಟೋಮಾ, ಸೊಳ್ಳೆ ಮರಿ ತಿನ್ನುವ ಚಪ್ಪಟೆ ಹುಳು. ಅಂಟುಲೋಳೆಯಲ್ಲಿ ಸಿಕ್ಕಿಸಿ, ವಿಷದಿಂದ ಜಡಗೊಳಿಸಿ ಹೀರುತ್ತದೆ. ಎಲ್ಲಿಂದಲೂ ಬಂದಿಲ್ಲ, ಕುಂಟೆಯ ಮಣ್ಣಿನಲ್ಲೇ ಇತ್ತು. ಇದು ಎರಡು ಬಗೆಯ ಮೊಟ್ಟೆ ಇಡುತ್ತದೆ. ತೆಳು ಚಿಪ್ಪಿನವು ತಾಯಿಯ ಮೈಯೊಳಗೇ ಬೇಗ ಮರಿಯಾಗುತ್ತವೆ, ನೀರಿರುವಷ್ಟು ದಿನ ಸಂತತಿ ಹೆಚ್ಚಿಸಲು. ದಪ್ಪ ಚಿಪ್ಪಿನ ಕಂದು ಮೊಟ್ಟೆಗಳು ಕೆಸರಿನಲ್ಲಿ ಉಳಿದು ಬರವನ್ನು ದಾಟುತ್ತವೆ. ಲೆನ್ಸಿನಲ್ಲಿ ನೋಡಿದರೆ ಪಾರದರ್ಶಕ ಮೈಯೊಳಗೆ ಆ ಕಂದು ಚುಕ್ಕೆಗಳನ್ನು ಎಣಿಸಬಹುದು. ಹೆಚ್ಚಿನ ಪ್ಲನೇರಿಯಾಗಳಿಗೆ ಈ ವಿದ್ಯೆಯಿಲ್ಲ, ಒಣಗಿದರೆ ಸತ್ತಂತೆಯೇ.

ಇದನ್ನೇ ನಂಬಿ ಮನೆಯ ಸಂಪನ್ನು ಮುಚ್ಚದೆ ಬಿಡಬೇಡಿ. ಅದು ಸೊಳ್ಳೆ ಮರಿಯಷ್ಟೇ ಖುಷಿಯಿಂದ ನೀರುಚಿಗಟವನ್ನೂ ತಿನ್ನುತ್ತದೆ. ಗಪ್ಪಿ ಮೀನು ಬಿಟ್ಟರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಕುಂಟೆ ಬತ್ತಿದ ದಿನ ಮೀನಿನ ಕಥೆ ಮುಗಿಯಿತು. ಹೂಳೆತ್ತುವಾಗ ಮೇಲಿನ ಒಂದೆರಡು ಅಂಗುಲ ಮಣ್ಣಿನ ನಾಲ್ಕಾರು ಬುಟ್ಟಿಯನ್ನು ಎತ್ತಿಟ್ಟು ಕೆಲಸ ಮುಗಿದ ಮೇಲೆ ಅಲ್ಲೇ ಚೆಲ್ಲಿ, ಮೊಟ್ಟೆಗಳಿರುವುದು ಅದರಲ್ಲೇ.

ಪ್ರಶ್ನೆ: ಕೆರೆಯಂಗಳದಲ್ಲಿ ಮೇಯುವ ನಮ್ಮ ಕುರಿ, ಹಸುಗಳಿಗೆ ಗದ್ದದ ಕೆಳಗೆ ಊತ ಬರುತ್ತದೆ. ಮಾಮೂಲಿ ಜಂತಿನ ಔಷಧಿ ಕುಡಿಸಿದರೂ ಪ್ರಯೋಜನವಿಲ್ಲ. ಒಂದು ಹಸು ಗೊರಕೆ ಹೊಡೆಯುತ್ತದೆ. (ಕುಣಿಗಲ್)

ಊತದ ಹಿಂದೆ ಲಿವರ್ ಫ್ಲೂಕ್ ಎಂಬ ಈಲಿಯ ಹುಳು ಇರುವ ಸಾಧ್ಯತೆ ಹೆಚ್ಚು. ಪ್ಲನೇರಿಯಾದ ಬಳಗವೇ, ಆದರೆ ಪರಾವಲಂಬಿ. ನಮ್ಮ ಕಡೆಯ ಜಾತಿ ಫ್ಯಾಸಿಯೋಲಾ ಜೈಗ್ಯಾಂಟಿಕಾ, ಎಲೆಯಾಕಾರ, ಏಳು ಸೆಂಟಿಮೀಟರ್‌ವರೆಗೆ ಬೆಳೆದು ಪಿತ್ತನಾಳದಲ್ಲಿ ಕೂರುತ್ತದೆ. ಸಗಣಿಯಲ್ಲಿ ಬಿದ್ದ ಮೊಟ್ಟೆ ನೀರು ಸೇರಿದರೆ ಎರಡು ಮೂರು ವಾರದಲ್ಲಿ ಒಡೆಯುತ್ತದೆ. ಹೊರಬಂದ ಮರಿಗೆ ಸುಮಾರು ಒಂದು ದಿನದೊಳಗೆ ಲಿಮ್ನಿಯಾ ಬಸವನಹುಳು ಸಿಗಬೇಕು, ಇಲ್ಲವಾದರೆ ಸಾವು. ಸಿಕ್ಕರೆ ಅದರೊಳಗೆ ನೂರಾರಾಗಿ, ಹೊರಬಂದು ಈಜಿ, ನೀರಂಚಿನ ಹುಲ್ಲಿಗೆ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ. ಕೆರೆ ಹಿಂದೆ ಸರಿದಂತೆ ಹಸಿರು ಉಳಿಯುವುದು ಆ ಪಟ್ಟಿಯಲ್ಲಿ ಮಾತ್ರ, ಜಾನುವಾರು ಮುಗಿಬೀಳುವುದೂ ಅಲ್ಲೇ. ಜನವರಿಯಿಂದ ಮೇವರೆಗೆ ನೀರಂಚಿಗೆ ಬಿಡದಿದ್ದರೆ ಅರ್ಧ ಕೆಲಸ ಆದಂತೆ. ಕುಡಿಯುವ ನೀರನ್ನು ತೊಟ್ಟಿಯಲ್ಲಿ ಕೊಡಿ.

ಮಾಮೂಲಿ ಔಷಧಿ ಕೆಲಸ ಮಾಡದ್ದರಲ್ಲಿ ಆಶ್ಚರ್ಯವಿಲ್ಲ. ಮೇಲೆ ಹೇಳಿದ ಫೆನ್‌ಬೆಂಡಜೋಲ್ ದುಂಡು ಹುಳುಗಳಿಗೆ ಸರಿ, ಫ್ಲೂಕಿಗೆ ನಾಟುವುದಿಲ್ಲ. ಆಲ್ಬೆಂಡಜೋಲ್ ಬೆಳೆದ ಫ್ಲೂಕನ್ನು ಮಾತ್ರ ಕೊಲ್ಲುತ್ತದೆ, ಈಲಿ ಕೊರೆಯುವ ಮರಿಗಳನ್ನು ಮುಟ್ಟದು. ಮರಿಗಳಿಗೂ ನಾಟುವುದು ಟ್ರೈಕ್ಲಾಬೆಂಡಜೋಲ್. ಆಕ್ಸಿಕ್ಲೋಜನೈಡ್ ಬೆಳೆದವಕ್ಕೆ. ಸಗಣಿ ಪರೀಕ್ಷೆ ಮಾಡಿಸಿ, ತೂಕಕ್ಕೆ ತಕ್ಕ ಪ್ರಮಾಣವನ್ನೂ ಹಾಲು ಬಳಸಬಾರದ ದಿನಗಳನ್ನೂ ಪಶುವೈದ್ಯರಿಂದ ಬರೆಸಿಕೊಳ್ಳಿ. ಸೋಂಕು ತಗುಲಿ ಮೂರು ನಾಲ್ಕು ತಿಂಗಳವರೆಗೆ ಸಗಣಿಯಲ್ಲಿ ಮೊಟ್ಟೆ ಕಾಣುವುದಿಲ್ಲ, ಒಮ್ಮೆ ಇಲ್ಲವೆಂದು ಬಂದರೆ ಸುಮ್ಮನಾಗಬೇಡಿ.

ಗೊರಕೆ ಬೇರೆ ಹುಳುವಿನದು, ಶಿಸ್ಟೊಸೋಮಾ ನೇಸೇಲ್. ಮೂಗಿನ ರಕ್ತನಾಳದಲ್ಲಿದ್ದು ಗಂಟುಗಳನ್ನು ಎಬ್ಬಿಸುತ್ತದೆ. ಇದು ಮೇವಿನಿಂದ ಬರುವುದಲ್ಲ, ನೀರಿನಲ್ಲಿ ನಿಂತ ದನದ ಚರ್ಮ ತೂರಿ ಬರುತ್ತದೆ. ಇದೇ ಬಳಗದ ಮರಿಗಳು ಮನುಷ್ಯರ ಕಾಲಿಗೂ ತೂರಿ ಅಲ್ಲೇ ಸಾಯುತ್ತವೆ. ಕೆರೆಗಿಳಿದ ದಿನ ಮೊಣಕಾಲಿನ ಕೆಳಗೆ ಕೆಂಪು ಗುಳ್ಳೆ ಎದ್ದು ತುರಿಸುವುದಕ್ಕೆ ಅದೂ ಒಂದು ಕಾರಣ. ಮೇಲೆ ಬಂದ ಕೂಡಲೇ ಟವೆಲಿನಿಂದ ಗಟ್ಟಿಯಾಗಿ ಒರೆಸಿಕೊಂಡರೆ ಕಡಿಮೆ.

ಪ್ರಶ್ನೆ: ಕೃಷಿಹೊಂಡದ ಗೆಂಡೆ ಮೀನುಗಳು ಪ್ಲಾಸ್ಟಿಕ್ ಹಾಳೆಗೆ ಮೈ ಉಜ್ಜುತ್ತವೆ, ಬಾಯಿ ಮೇಲೆತ್ತಿ ಗುಟುಕರಿಸುತ್ತವೆ. (ಚಿಂತಾಮಣಿ)

ಬೆಳಗಿನ ಜಾವ ಮಾತ್ರ ಗುಟುಕರಿಸಿದರೆ ಆಮ್ಲಜನಕದ ಕೊರತೆ, ಮೊದಲು ನೀರು ಚಿಮ್ಮಿಸಿ. ಇಡೀ ದಿನ ಉಜ್ಜುತ್ತಿದ್ದರೆ ಕಿವಿರು ನೋಡಿ: ಲೋಳೆ ಹೆಚ್ಚಿ ಬಿಳಚಿಕೊಂಡಿದ್ದರೆ ಡ್ಯಾಕ್ಟಿಲೋಗೈರಸ್ ಅಥವಾ ಗೈರೋಡ್ಯಾಕ್ಟಿಲಸ್ ಎಂಬ ಚಪ್ಪಟೆ ಹುಳುಗಳ ಅನುಮಾನ. ಖಚಿತವಾಗುವುದು ಸೂಕ್ಷ್ಮದರ್ಶಕದಲ್ಲಿ ಮಾತ್ರ. ಲೀಟರಿಗೆ 30 ಗ್ರಾಂ ಕಲ್ಲುಪ್ಪು ಕರಗಿಸಿದ ನೀರಿನಲ್ಲಿ ಮೀನುಗಳನ್ನು ಮೂರರಿಂದ ಐದು ನಿಮಿಷ ಅದ್ದಿ, ಮಗ್ಗುಲಾದ ಕೂಡಲೇ ತೆಗೆಯಿರಿ. ಮೊದಲನೆಯದು ಮೊಟ್ಟೆ ಇಡುತ್ತದೆ, ಮೊಟ್ಟೆಗೆ ಉಪ್ಪು ನಾಟದು, ಆದ್ದರಿಂದ ವಾರ ಬಿಟ್ಟು ಮತ್ತೊಮ್ಮೆ. ಎರಡನೆಯದು ನೇರ ಮರಿ ಹಾಕುತ್ತದೆ, ಮರಿಯೊಳಗೆ ಇನ್ನೊಂದು ಮರಿ ಆಗಲೇ ಬೆಳೆಯುತ್ತಿರುತ್ತದೆ. ಅದಕ್ಕೇ ಅದು ಒಮ್ಮೆಲೇ ಹೆಚ್ಚುವುದು. ಕಿಕ್ಕಿರಿದ ಹೊಂಡದಲ್ಲಿ ಯಾವ ಉಪ್ಪೂ ಉಳಿಸದು, ಮೀನಿನ ಸಂಖ್ಯೆ ಇಳಿಸಿ.

ಪ್ರಶ್ನೆ: ಕುಡಿಯುವ ನೀರಿನೊಡನೆ ಪ್ಲನೇರಿಯಾ ಹೊಟ್ಟೆಗೆ ಹೋದರೆ? (ಮುಳಬಾಗಿಲು)

ಜೀರ್ಣವಾಗುತ್ತದೆ. ಅದು ಸ್ವತಂತ್ರವಾಗಿ ಬದುಕುವ ಪ್ರಾಣಿ, ನಮ್ಮ ಕರುಳಿನಲ್ಲಿ ನೆಲೆಯೂರದು. ಆದರೆ ಸಂಪಿನಲ್ಲಿ ಹುಳು ಕಂಡಿದೆಯೆಂದರೆ ಹೊರಗಿನ ನೀರೋ ಮಣ್ಣೋ ಒಳಗೆ ಬರುತ್ತಿದೆ. ಮುಚ್ಚಳದ ಸಂದಿ, ಪೈಪ್ ಸೇರುವ ಜಾಗ ನೋಡಿಸಿ, ಸಂಪನ್ನು ಖಾಲಿ ಮಾಡಿ ಉಜ್ಜಿ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿಸಿ. ಅಲ್ಲಿಯವರೆಗೆ ನೀರು ಕುದಿಸಿ ಕುಡಿಯಿರಿ. ಭಯಪಡಬೇಕಾದದ್ದು ಕಣ್ಣಿಗೆ ಕಾಣುವ ಆ ಹುಳುವಿಗಲ್ಲ, ಅದೇ ಸಂದಿಯಲ್ಲಿ ಬಂದಿರಬಹುದಾದ ಚರಂಡಿ ನೀರಿಗೆ.