ಲಂಡನ್‌ನಲ್ಲಿ ಷೋಕೇಸ್ ಸಿಕ್ಕಿದೆ, ಪಬ್ಬಿನ ವಾರದ ಪ್ರೋಗ್ರಾಂ ಬಿಡಬಹುದಾ?

ಬಿಡಬೇಡಿ. ಉತ್ತರ ಇಷ್ಟೇ. ಉಳಿದದ್ದು ನನ್ನ ಕಥೆ.

1970ರ ದಶಕದ ಇಂಗ್ಲೆಂಡಿನ ಡಕ್ಸ್ ಡೀಲಕ್ಸ್‌ನಂಥ ಒಳ್ಳೆಯ ಪಬ್ ರಾಕ್ (ಪಬ್ಬುಗಳಲ್ಲಿ ಬಾರಿಸುವ ಸರಳ ರಾಕ್) ಬ್ಯಾಂಡ್ ಮೂರೇ ವರ್ಷಕ್ಕೆ ಯಾಕೆ ಮುಳುಗಿತು ಅಂತಲೂ ಕೇಳಿದ್ದೀರಿ. ನಮ್ಮದೂ ಹಾಗಾಗಬಾರದು, ಅದಕ್ಕೇ ಲಂಡನ್ನಿಗೆ ಹೋಗುತ್ತೇವೆ ಅಂತ ಬರೆದಿದ್ದೀರಿ. ಇದೇ ಮಾತನ್ನು 2004ರ ಮಾರ್ಚ್‌ನಲ್ಲಿ ನಾನು ನನ್ನ ಬ್ಯಾಂಡಿನ ಉಳಿದ ಮೂವರ ಮುಂದೆ ಕೂತು ಹೇಳಿದ್ದೆ. ಸಹಿ ಹಾಕಲು ಕೈಯಲ್ಲಿ ಹಸಿರು ಪೆನ್ನಿತ್ತು.

ನಾನು ದಾವಣಗೆರೆಯವನು. ಕಾಲೇಜಿನಲ್ಲಿದ್ದಾಗ ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದೆ. 2001ರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಇಂಗ್ಲೆಂಡಿಗೆ ಹೋದೆ. ಆಫೀಸು ಲಂಡನ್‌ನಲ್ಲಿ, ಮನೆ ಸೌತ್‌ಎಂಡ್‌ನಲ್ಲಿ. ಬಾಡಿಗೆ ಕಮ್ಮಿ ಅಂತ ಅಲ್ಲಿ. ಫೆನ್‌ಚರ್ಚ್ ಸ್ಟ್ರೀಟ್‌ನಿಂದ ಸುಮಾರು ಒಂದು ಗಂಟೆ ರೈಲು. ದಾರಿಯಲ್ಲಿ ಬೆನ್‌ಫ್ಲೀಟ್ ಅಂತ ಒಂದು ಸ್ಟೇಷನ್. ಅಲ್ಲಿ ಇಳಿದರೆ ಕ್ಯಾನ್ವಿ ದ್ವೀಪ, ಡಾಕ್ಟರ್ ಫೀಲ್‌ಗುಡ್ ಬ್ಯಾಂಡಿನ ಊರು. ಥೇಮ್ಸ್ ನದಿ ಸಮುದ್ರ ಸೇರುವ ಜಾಗ. ಕೆಸರು, ಎಣ್ಣೆ ಟ್ಯಾಂಕು, ಗಾಳಿ. ಆ ಊರಿನಿಂದ ಎದ್ದು ಬಂದ ಬ್ಯಾಂಡಿನ ಲೈವ್ ಆಲ್ಬಮ್ 1976ರಲ್ಲಿ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಗಿತ್ತು. ನಮ್ಮ ಕಡೆ ಊರಿನ ಹಳೇ ಪೈಲ್ವಾನರ ಬಗ್ಗೆ ಮಾತಾಡುತ್ತಾರಲ್ಲ, ಆ ಕಡೆಯ ಪಬ್ಬುಗಳಲ್ಲಿ ಫೀಲ್‌ಗುಡ್ ಬಗ್ಗೆ ಹಾಗೆ ಮಾತಾಡುತ್ತಿದ್ದರು.

ಅಂಥ ಒಂದು ಪಬ್ಬಿನ ಗೋಡೆಯ ಮೇಲೆ 'ಬೇಸ್ ಬಾರಿಸುವವರು ಬೇಕು' ಅಂತ ಚೀಟಿ ಇತ್ತು. 2002ರ ಅಕ್ಟೋಬರ್. ಹಾಡುವವನು ಪ್ಲಂಬರ್. ಗಿಟಾರಿನವನು ಪೇಂಟ್ ಅಂಗಡಿಯಲ್ಲಿದ್ದ. ಡ್ರಮ್ಮರ್ ಪೋಸ್ಟ್‌ಮ್ಯಾನ್. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಹದಿಹರೆಯದಲ್ಲಿ ಇಸ್ಲಿಂಗ್ಟನ್‌ನ ಹೋಪ್ ಅಂಡ್ ಆ್ಯಂಕರ್ ಪಬ್ಬಿನ ನೆಲಮಾಳಿಗೆಯಲ್ಲಿ ಬೆವರು ಸುರಿಸಿದವನು. ಪಬ್ ರಾಕ್ ಅಂದರೇನು ಅಂತ ನನಗೆ ಹೇಳಿಕೊಟ್ಟದ್ದು ಅವನೇ, ಗಾಡಿಯಿಂದ ಸ್ಪೀಕರ್ ಡಬ್ಬ ಇಳಿಸುತ್ತಾ. 1970ರ ಸುಮಾರು, ರಾಕ್ ಸಂಗೀತ ದೊಡ್ಡ ಹಾಲ್‌ಗಳಿಗೆ ಹೋಗಿ ಕೂತಿದ್ದ ಕಾಲ. 1971ರ ಮೇ ತಿಂಗಳಲ್ಲಿ ಎಗ್ಸ್ ಓವರ್ ಈಸಿ ಅನ್ನುವ ಬ್ಯಾಂಡ್ ಕೆಂಟಿಷ್ ಟೌನ್‌ನ ಟ್ಯಾಲಿ ಹೋ ಪಬ್ಬಿಗೆ ಹೋಗಿ ಒಂದು ರಾತ್ರಿ ಕೊಡಿ ಅಂತ ಕೇಳಿತು. ಅದು ಜಾಝ್ ಪಬ್ಬು. ಸಿಕ್ಕಿದ್ದು ಸೋಮವಾರ, ಜನ ಬಾರದ ದಿನ. ಅಲ್ಲಿಂದ ಶುರುವಾದದ್ದೇ ಪಬ್ ರಾಕ್. ತಮಾಷೆ ಅಂದ್ರೆ ಅವರು ಇಂಗ್ಲಿಷರೇ ಅಲ್ಲ, ಅಮೆರಿಕದವರು.

ಈ ಸೋಮವಾರ ಅನ್ನುವುದನ್ನು ಗಮನಿಸಿ. ನಮ್ಮೂರ ಕಡೆ ಸಂತೆಗೆ ಜನ ಬರುವುದು ವಾರ ನೋಡಿ, ಅಲ್ವಾ? ಯಾರು ಬದನೆಕಾಯಿ ತಂದಿದ್ದಾರೆ ಅಂತ ವಿಚಾರಿಸಿ ಬರುವುದಿಲ್ಲ. ಪಬ್ ಬ್ಯಾಂಡೂ ಹಾಗೇ. ನಮ್ಮದು ಗುರುವಾರ. ಮೊದಲ ಗುರುವಾರ ಒಂಬತ್ತು ಜನ, ಒಂದು ನಾಯಿ. ಎಂಟು ತಿಂಗಳಾದ ಮೇಲೆ ಬಾಗಿಲ ಹತ್ತಿರ ನಿಲ್ಲಲು ಜಾಗ ಇರಲಿಲ್ಲ. ಅವರಲ್ಲಿ ಅರ್ಧ ಜನಕ್ಕೆ ನಮ್ಮ ಬ್ಯಾಂಡಿನ ಹೆಸರು ಗೊತ್ತಿರಲಿಲ್ಲ. 'ಗುರುವಾರದ ಹುಡುಗರು' ಅನ್ನುತ್ತಿದ್ದರು, ಪೋಸ್ಟ್‌ಮ್ಯಾನ್‌ಗೆ ನಲವತ್ತು ದಾಟಿದ್ದರೂ. ಪಬ್ಬಿನ ಯಜಮಾನ ರಾತ್ರಿಗೆ 150 ಪೌಂಡ್ ಕೊಡುತ್ತಿದ್ದ. ನನ್ನದು ವರ್ಕ್ ಪರ್ಮಿಟ್, ಆ ದುಡ್ಡು ಮುಟ್ಟುವುದು ಬೇಡ ಅಂತ ನಾನೇ ದೂರ ಇದ್ದೆ. ನನ್ನ ಪಾಲು ಡೀಸೆಲ್‌ಗೆ ಹೋಗುತ್ತಿತ್ತು.

ಆಮೇಲೆ ಲಂಡನ್ನಿನಿಂದ ಫೋನ್ ಬಂತು. ಒಂದು ಹಾಲ್‌ನಲ್ಲಿ ಮಂಗಳವಾರ ಐದು ಹೊಸ ಬ್ಯಾಂಡುಗಳ ಷೋಕೇಸ್, ರೆಕಾರ್ಡ್ ಕಂಪನಿಯವರು ನೋಡಲು ಬರುತ್ತಾರೆ. ಷರತ್ತು ಎರಡು. ಆರು ಪೌಂಡಿನ 40 ಟಿಕೆಟ್ ನಾವೇ ಮಾರಬೇಕು, ಅದರ 240 ಪೌಂಡ್ ಮೊದಲೇ ಕಟ್ಟಬೇಕು. ಇನ್ನೊಂದು, ಷೋಗೆ ಮುಂಚೆ 28 ದಿನ, ಆದಮೇಲೆ 14 ದಿನ, 50 ಮೈಲಿ ಒಳಗೆ ಬೇರೆಲ್ಲೂ ನುಡಿಸಬಾರದು.

ಡ್ರಮ್ಮರ್ ಕಾಗದ ನೋಡಿ ಬ್ರಿನ್ಸ್ಲಿ ಶ್ವಾರ್ಟ್ಸ್ ಬ್ಯಾಂಡಿನ ಕಥೆ ಹೇಳಿದ. 1970ರ ಏಪ್ರಿಲ್. ಯಾರಿಗೂ ಗೊತ್ತಿಲ್ಲದ ಆ ಬ್ಯಾಂಡನ್ನು ಅವರ ಮ್ಯಾನೇಜರುಗಳು ಒಂದೇ ರಾತ್ರಿಯಲ್ಲಿ ದೊಡ್ಡದು ಮಾಡಲು ಹೊರಟರು. ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಅನ್ನುವ ಹಾಲ್‌ನಲ್ಲಿ ಷೋ, ಅದನ್ನು ನೋಡಲು ಇಂಗ್ಲೆಂಡಿನಿಂದ ಒಂದು ವಿಮಾನದ ತುಂಬಾ ಪತ್ರಕರ್ತರು. ಬ್ಯಾಂಡಿಗೆ ವೀಸಾ ತೊಂದರೆ, ಕೆನಡಾ ಸುತ್ತಿಕೊಂಡು ಬರಬೇಕಾಯಿತು. ಬಂದದ್ದು ಕೊನೇ ಗಳಿಗೆಗೆ, ಬಾರಿಸಿದ್ದು ಬಾಡಿಗೆ ಸಾಮಾನಿನ ಮೇಲೆ. ವಿಮಾನವೂ ತಡ, ಬಂದವರು ದಣಿದಿದ್ದರು. ಮಾರನೆಯ ವಾರದ ಪತ್ರಿಕೆಗಳು ಮರ್ಯಾದೆ ಕಳೆದವು. ಮಾನ ಹೋದ ಆ ಹುಡುಗರು ಬದುಕಿಕೊಂಡದ್ದು ಹೇಗೆ ಗೊತ್ತಾ? ಟ್ಯಾಲಿ ಹೋ ಪಬ್ಬಿಗೆ ಬಂದು, ಎಗ್ಸ್ ಓವರ್ ಈಸಿ ನುಡಿಸುವುದನ್ನು ನೋಡಿ, ತಾವೂ ಪಬ್ಬುಗಳಲ್ಲಿ ಬಾರಿಸಿ.

ಇದನ್ನು ಅವನು ಎರಡು ಸಲ ಹೇಳಿದ. ನಾನು ಹಳೇ ಕಾಲದವನ ಪುರಾಣ ಅಂದುಕೊಂಡೆ.

ಈಗ ನನ್ನ ತಪ್ಪಿನ ವಿಷಯ. ಷೋಕೇಸ್‌ಗೆ ಹೋದದ್ದು ತಪ್ಪಲ್ಲ. 240 ಪೌಂಡ್ ಕಟ್ಟಿದ್ದೂ ದೊಡ್ಡದಲ್ಲ. ತಪ್ಪು ಆ 28 ಮತ್ತು 14ರ ಸಾಲು. ಬ್ಯಾಂಡಿನಲ್ಲಿ ಕಾಗದ ಓದುವವನು ನಾನು. ಆಫೀಸಿನಲ್ಲಿ ದಿನಾ ಕಾಂಟ್ರಾಕ್ಟ್ ನೋಡುತ್ತಾನೆ ಅಂತ ಅವರಿಗೆ ನಂಬಿಕೆ. ನಾನು ಆ ಸಾಲು ಓದಿ 'ಇದೆಲ್ಲ ಮಾಮೂಲಿ' ಅಂದೆ. ಒಟ್ಟು 42 ದಿನ, ಅಂದರೆ ಆರು ಗುರುವಾರ. ನಮ್ಮ ಪಬ್ಬು ಲಂಡನ್ನಿಗೆ ಸುಮಾರು 40 ಮೈಲಿ. ಈ ಲೆಕ್ಕ ಹಾಕಲು ಬೆರಳು ಸಾಕಿತ್ತು.

ಅಂಥ ಸಾಲು ಯಾಕೆ ಇರುತ್ತದೆ ಅಂತ ಯೋಚಿಸಿ. ಅದೇ ಏರಿಯಾದಲ್ಲಿ ಗುರುವಾರ ಪುಕ್ಕಟೆ ಕೇಳುವವನು ಮಂಗಳವಾರ ಆರು ಪೌಂಡ್ ಕೊಡುವುದಿಲ್ಲ. ಲಂಡನ್ ಬ್ಯಾಂಡುಗಳಿಗೆ ಅದು ಸರಿ. ಆದರೆ ನಮ್ಮ ಪಬ್ಬಿಗೆ ಬರುತ್ತಿದ್ದವರು ಪಕ್ಕದ ಬೀದಿಯವರು, ಕೆಲವರು ಮನೆಯ ಚಪ್ಪಲಿಯಲ್ಲೇ ಬರುತ್ತಿದ್ದರು. ಅವರು ಹೇಗಿದ್ದರೂ ಗಂಟೆಗಟ್ಟಲೆ ರೈಲು ಹತ್ತುತ್ತಿರಲಿಲ್ಲ. ಅಂದರೆ ಆ ಸಾಲಿನಿಂದ ಷೋ ಮಾಡುವವನಿಗೆ ನಯಾಪೈಸೆ ಲಾಭ ಇಲ್ಲ, ನಷ್ಟ ಪೂರ್ತಿ ನಮಗೆ. ಇಷ್ಟನ್ನು ಫೋನಿನಲ್ಲಿ ಹೇಳಿದ್ದರೆ ಅವನು ಒಪ್ಪುತ್ತಿದ್ದ. 50 ಮೈಲಿಯನ್ನು 30 ಮಾಡಿ ಅನ್ನಬಹುದಿತ್ತು. ಗುರುವಾರ ಒಂದನ್ನು ಬಿಟ್ಟು ಅಂತ ಸೇರಿಸಬಹುದಿತ್ತು. ನಾನು ಕೇಳಲೇ ಇಲ್ಲ. ಕೇಳಿದರೆ ಹಳ್ಳಿಯವರು ಅಂದುಕೊಂಡಾರು ಅನ್ನುವ ಅಂಜಿಕೆ. ಷೋ ದಿನ ಇನ್ನೊಂದು ಬ್ಯಾಂಡಿನ ಹುಡುಗಿ ತನ್ನ ಕಾಗದ ತೋರಿಸಿದಳು. ಆ ಸಾಲಿನ ಮೇಲೆ ಪೆನ್ನಿನಲ್ಲಿ ಉದ್ದಕ್ಕೆ ಗೆರೆ ಎಳೆದು ಕಳಿಸಿದ್ದಳು. ಯಾರೂ ಏನೂ ಅಂದಿರಲಿಲ್ಲವಂತೆ.

ಷೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮಗೆ ಕೊಟ್ಟದ್ದು ಏಳೂಕಾಲಕ್ಕೆ 25 ನಿಮಿಷ. ಪಬ್ಬಿನಲ್ಲಿ ನಾವು ಮುಕ್ಕಾಲು ಗಂಟೆಯ ಎರಡು ಸೆಟ್ ಬಾರಿಸುತ್ತಿದ್ದೆವು. ನಿಜವಾದ ಮಜಾ ಎರಡನೆಯದರಲ್ಲಿ, ಜನಕ್ಕೆ ಎರಡನೇ ಪೈಂಟ್ ಬಿಯರ್ ಒಳಗೆ ಹೋದ ಮೇಲೆ. 25 ನಿಮಿಷದಲ್ಲಿ ನಮ್ಮ ಗಿಟಾರಿನವನ ಕೈಯೂ ಬಿಸಿ ಆಗುತ್ತಿರಲಿಲ್ಲ. 31 ಟಿಕೆಟ್ ಹೋಗಿತ್ತು, ಉಳಿದ ಒಂಬತ್ತು ನಮ್ಮ ತಲೆಗೆ. ಕಂಪನಿಯವರು ಬಂದಿದ್ದರೆ ನಮ್ಮ ಕಣ್ಣಿಗಂತೂ ಬೀಳಲಿಲ್ಲ.

ಆರು ಗುರುವಾರ ಕಳೆದು ಪಬ್ಬಿಗೆ ಹೋದೆವು. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ಅಲ್ಲಿನ ಕಾನೂನಿನ ಪ್ರಕಾರ ಪಬ್ಬಿನಲ್ಲಿ ಇಬ್ಬರು ಸಂಗೀತಗಾರರು ನುಡಿಸಲು ಬೇರೆ ಪರವಾನಗಿ ಬೇಡ. ಮೂರನೆಯವನು ಬಂದರೆ ಕೌನ್ಸಿಲ್‌ನಿಂದ (ಅಲ್ಲಿನ ನಗರಸಭೆ) ಮನರಂಜನೆಯ ಲೈಸೆನ್ಸ್ ಬೇಕು, ಅದಕ್ಕೆ ವರ್ಷವರ್ಷ ದುಡ್ಡು ಕಟ್ಟಬೇಕು. ಎಷ್ಟು ಗಲಾಟೆ ಮಾಡುತ್ತೀರಿ ಅನ್ನುವುದಲ್ಲ ಲೆಕ್ಕ, ತಲೆ ಎಷ್ಟು ಅನ್ನುವುದು. ನಮ್ಮ ಯಜಮಾನ ಆ ಲೈಸೆನ್ಸ್ ಇಟ್ಟುಕೊಂಡಿದ್ದದ್ದು ನಮ್ಮ ನಾಲ್ವರಿಗಾಗಿ. ನಾವಿಲ್ಲದ ಆ ಆರು ವಾರದಲ್ಲೇ ಅದರ ನವೀಕರಣ ಬಂತು. ಬಾರದ ಬ್ಯಾಂಡಿಗೆ ಯಾಕೆ ದುಡ್ಡು ಅಂತ ಅವನು ಕಟ್ಟಲಿಲ್ಲ. ಅವನದೇನೂ ತಪ್ಪಿಲ್ಲ. ನಾವು ಬಾರದ ಮೊದಲ ಗುರುವಾರಕ್ಕೆ ಎರಡು ದಿನ ಮುಂಚೆ ನಾನು ಅವನಿಗೆ ತಿಳಿಸಿದ್ದು ಒಂದು ಎಸ್ಎಂಎಸ್‌ನಲ್ಲಿ. ಸಂತೆಯಲ್ಲಿ ಆರು ವಾರ ಜಾಗ ಖಾಲಿ ಬಿಟ್ಟರೆ ಇನ್ನೊಬ್ಬ ಗೋಣಿ ಹಾಸದೆ ಇರುತ್ತಾನಾ?

'ಇಬ್ಬರಾದರೆ ಬನ್ನಿ' ಅಂದ ಯಜಮಾನ. ಎರಡು ವಾರ ಬಿಟ್ಟು ನಮ್ಮ ಪ್ಲಂಬರ್ ಮತ್ತು ಪೇಂಟ್ ಅಂಗಡಿಯವನು ಹೋದರು. ನನಗೆ ಹೇಳದೆ ಹೋಗಲಿಲ್ಲ, ಹೇಳಿಯೇ ಹೋದರು. ಅಲ್ಲಿಗೆ ಬ್ಯಾಂಡ್ ಮುಗಿಯಿತು, ಹುಟ್ಟಿ ಎರಡು ವರ್ಷ ಆಗುವ ಮೊದಲೇ. ಆ ಕಾನೂನು 2005ರ ನವೆಂಬರ್‌ನಲ್ಲಿ ಬದಲಾಯಿತು. ಅಷ್ಟರಲ್ಲಿ ಡ್ರಮ್ಮರ್ ಡ್ರಮ್ ಸೆಟ್ ಮಾರಿದ್ದ.

ಇನ್ನು ನಿಮ್ಮ ಡಕ್ಸ್ ಡೀಲಕ್ಸ್. ಮೂರು ವರ್ಷಕ್ಕೆ 'ಮುಳುಗಿತು' ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. 1972ರಲ್ಲಿ ಅದನ್ನು ಕಟ್ಟಿದವರು ಬೇರೆ ಬ್ಯಾಂಡುಗಳ ಡಬ್ಬ ಹೊತ್ತವರು. ಅವರಲ್ಲೊಬ್ಬ ಮಾರ್ಟಿನ್ ಬೆಲ್‌ಮಂಟ್ ಇದೇ ಬ್ರಿನ್ಸ್ಲಿ ಶ್ವಾರ್ಟ್ಸ್ ಬ್ಯಾಂಡಿನ ಸಾಮಾನು ಹೊರುತ್ತಿದ್ದ. ಪಬ್ಬುಗಳಲ್ಲಿ ಬಾರಿಸಿ ಬಾರಿಸಿ ಆರ್‌ಸಿಎ ರೆಕಾರ್ಡ್ ಕಂಪನಿಯ ಕಣ್ಣಿಗೆ ಬಿದ್ದರು, ಎರಡು ಆಲ್ಬಮ್ ಮಾಡಿದರು. ಮಾರಾಟ ಆಗಲಿಲ್ಲ, ಸರಿ. 1975ರ ಜುಲೈ 1ರಂದು ಆಕ್ಸ್‌ಫರ್ಡ್ ಸ್ಟ್ರೀಟ್‌ನ 100 ಕ್ಲಬ್‌ನಲ್ಲಿ ಕೊನೇ ಪ್ರೋಗ್ರಾಂ. ನಮ್ಮ ಡ್ರಮ್ಮರ್ ತಾನು ಅಲ್ಲಿದ್ದೆ ಅನ್ನುತ್ತಿದ್ದ, ಕುಡಿದಾಗ ಮಾತ್ರ. ಆಮೇಲೆ ಬೆಲ್‌ಮಂಟ್ ಹಾಡುಗಾರ ಗ್ರಹಾಂ ಪಾರ್ಕರ್ ಜೊತೆ ದಿ ರೂಮರ್ ಬ್ಯಾಂಡಿನಲ್ಲಿ ಬಾರಿಸಿದ. ಡಕ್ಸ್‌ನಲ್ಲೇ ಇದ್ದ ನಿಕ್ ಗಾರ್ವೆ ಮತ್ತು ಆಂಡಿ ಮೆಕ್‌ಮಾಸ್ಟರ್ ದಿ ಮೋಟರ್ಸ್ ಬ್ಯಾಂಡ್ ಕಟ್ಟಿದರು, 1978ರಲ್ಲಿ ಅವರ ಹಾಡು ಬ್ರಿಟನ್ನಿನಲ್ಲಿ ನಾಲ್ಕನೇ ಸ್ಥಾನಕ್ಕೆ ಹೋಯಿತು. ಪಬ್ ರಾಕ್ ಅಷ್ಟಕ್ಕೇ ನಿಲ್ಲಲೂ ಇಲ್ಲ. ಫೀಲ್‌ಗುಡ್‌ನ ಹಾಡುಗಾರ ಲೀ ಬ್ರಿಲೋ ಕೊಟ್ಟ 400 ಪೌಂಡ್ ಸಾಲದಲ್ಲಿ 1976ರಲ್ಲಿ ಸ್ಟಿಫ್ ರೆಕಾರ್ಡ್ಸ್ ಕಂಪನಿ ಹುಟ್ಟಿತು. ಅದನ್ನು ಶುರು ಮಾಡಿದ ಇಬ್ಬರಲ್ಲಿ ಒಬ್ಬ ಡೇವ್ ರಾಬಿನ್ಸನ್. ಹೌದು, ನ್ಯೂಯಾರ್ಕಿಗೆ ವಿಮಾನ ತುಂಬಿಸಿದವರಲ್ಲಿ ಅವನೂ ಒಬ್ಬ. ಪಬ್ಬಿಗೆ ಬಂದ ಮೇಲೇ ಅವನಿಗೂ ಬುದ್ಧಿ ಬಂದದ್ದು ಅಂತ ನನ್ನ ಲೆಕ್ಕ. ಇದನ್ನು ಮುಳುಗುವುದು ಅನ್ನುತ್ತೀರಾ?

ಹಾಗಾಗಿ ಲಂಡನ್ನಿಗೆ ಹೋಗಲಾ ಅಂತ ನನ್ನನ್ನು ಕೇಳಬೇಡಿ. ಹೋಗಿ ಬನ್ನಿ, ಮಂಗಳವಾರ ಹೇಗೂ ಖಾಲಿ. ನಿಮ್ಮ ಪಬ್ಬಿನ ದಿನವನ್ನು ಮಾತ್ರ ಯಾರಿಗೂ ಬರೆದುಕೊಡಬೇಡಿ. ಯಜಮಾನನ ಹತ್ತಿರ ಮಾತಾಡುವುದಿದ್ದರೆ ಎದುರಿಗೆ ಹೋಗಿ ಮಾತಾಡಿ.

2007ರಲ್ಲಿ ಬೆಂಗಳೂರಿಗೆ ವಾಪಸ್ ಬರುವ ಮುಂಚಿನ ಗುರುವಾರ ಆ ಪಬ್ಬಿಗೆ ಹೋಗಿದ್ದೆ. ಅವರಿಬ್ಬರೂ ಇನ್ನೂ ಬಾರಿಸುತ್ತಿದ್ದರು. ನನ್ನನ್ನು ಕರೆದು ಬೇಸ್ ಕೊಟ್ಟರು. ಡ್ರಮ್ಮರ್ ಕೌಂಟರಿನಲ್ಲಿ ಕೂತು ಎರಡು ಬಿಯರ್ ಮ್ಯಾಟ್ ಹಿಡಿದು ಮರದ ಮೇಲೆ ತಾಳ ಹಾಕುತ್ತಿದ್ದ. ಎರಡನೇ ಸೆಟ್‌ನಲ್ಲಿ ನಾನು ಎರಡು ಕಡೆ ತಪ್ಪಿದೆ. ಅವನು ತಪ್ಪಲಿಲ್ಲ.

ನಿಮ್ಮ ಕಾಗದದಲ್ಲಿ ಎಷ್ಟು ದಿನ, ಎಷ್ಟು ಮೈಲಿ ಅಂತ ಇದೆ? ಅದನ್ನು ಬರೆದೇ ಇಲ್ಲವಲ್ಲ ನೀವು.