ತವರಿನ ದೈವ, ಗಂಡನ ಮನೆಯ ದೇವರು: ಇವೆರಡರ ನಡುವೆ ನಾನು ಯಾರು?

ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನ ಮನೆಯ ದೇವರ ಮುಂದೆ ಹೊರಗಿನವಳೆನಿಸುತ್ತದೆ, ತವರಿಗೆ ಹೋದರೆ ಅಲ್ಲಿ ನೆಂಟಳು, ಧ್ಯಾನ ಶಿಬಿರದ ನೆಮ್ಮದಿ ಮಂಗಳೂರಿನ ಫ್ಲ್ಯಾಟಿಗೆ ಮರಳುವಷ್ಟರಲ್ಲಿ ಕರಗಿಹೋಗುತ್ತದೆ, ಯಾವ ಗುರುವನ್ನು ಹುಡುಕಲಿ ಎಂದು ಕೇಳಿದ್ದೀರಿ.

ಗುರುವಿನ ಮಾತು ಆಮೇಲೆ. ಮೊದಲು ನಿಮ್ಮ ತಾಯಿಯ ಹತ್ತಿರ ಹೋಗಿ, ನಮ್ಮದು ಯಾವ ಬಳಿ, ಅಂದರೆ ಯಾವ ಕುಲ, ಎಂದು ಕೇಳಿ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕುಟುಂಬ ಎಂದು ಬರೆದಿದ್ದೀರಿ. ಹಾಗಿದ್ದರೆ ಬಳಿ ನಿಮಗೆ ತಾಯಿಯಿಂದ ಬಂದದ್ದು. ತಾಳಿ ಕಟ್ಟಿಸಿಕೊಂಡ ಮಾತ್ರಕ್ಕೆ ಅದು ಬದಲಾಗುವುದಿಲ್ಲ, ನಿಮ್ಮ ಮಕ್ಕಳೂ ಆ ಬಳಿಯವರೇ. ಕುಟುಂಬದ ಮೂಲಸ್ಥಾನದ ನಾಗಬನದಲ್ಲಿ ತಂಬಿಲದ ಪೂಜೆ ನಡೆಯುವ ದಿನ ನೀವು ಅಲ್ಲಿ ನೆಂಟಳಲ್ಲ. ಗಂಡಸರು ಸೀಯಾಳ ಎಣಿಸುತ್ತ ಓಡಾಡುವುದನ್ನು, ಹೆಂಗಸರು ದೂರದಲ್ಲಿ ಕೈಮುಗಿದು ನಿಲ್ಲುವುದನ್ನು ನೋಡಿಯೇ ಬೆಳೆದ ನಮಗೆ ಇದು ಮರೆತುಹೋಗಿದೆ.

ನಾನು ಹಿರಿಯಡ್ಕದ ಕಡೆಯವಳು. ನನ್ನ ದೊಡ್ಡಮ್ಮ ಸಿರಿಗಳ ಸಾಲಿನಲ್ಲಿ, ಅಂದರೆ ತುಳುನಾಡಿನ ದೈವ ಸಿರಿ ಮೈಮೇಲೆ ಬರುವ ಹೆಂಗಸರ ಸಾಲಿನಲ್ಲಿ, ನಿಲ್ಲುತ್ತಿದ್ದರು. ವರ್ಷವಿಡೀ ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಸುತ್ತಿದ ಹೆಂಗಸು. ದೊಡ್ಡಪ್ಪ ಏನೇ ಅನ್ನಲಿ, ಎಲೆ ಕತ್ತರಿಸುವ ಕೈ ನಿಲ್ಲುತ್ತಿರಲಿಲ್ಲ, ತಲೆ ಮೇಲೇಳುತ್ತಿರಲಿಲ್ಲ. ಸಿರಿಯನ್ನು ಆರಾಧಿಸುವ ಸ್ಥಾನವಾದ ಆಲಡೆಯ ಜಾತ್ರೆಯ ಹುಣ್ಣಿಮೆಯಂದು ಅದೇ ದೊಡ್ಡಮ್ಮ ಬಿಳಿ ಸೀರೆಯುಟ್ಟು, ಕೂದಲು ಬಿಚ್ಚಿ, ಅಡಿಕೆಯ ಹೂಗೊನೆ ಹಿಂಗಾರ ಹಿಡಿದು, ‘ನಾರಾಯಣಾ’ ಎಂದು ರಾಗವೆಳೆದು ಹಾಡತೊಡಗಿದರೆ ಊರಿನ ಗಂಡಸರೆಲ್ಲ ನಿಂತು ಕೇಳಬೇಕಿತ್ತು. ಸಿರಿಯ ಮಗ ಕುಮಾರ ಮೈಮೇಲೆ ಬರುವ ಪಾತ್ರಿ ಎದುರು ಬಂದು, ಸಿರಿಯ ಮನೆತನದ ಹೆಣ್ಣುಗಳಲ್ಲಿ ನೀನು ಯಾರು, ಸಿರಿಯೋ, ಸೊನ್ನೆಯೋ, ಅಬ್ಬಗೆಯೋ, ದಾರಗೆಯೋ ಎಂದು ವಿಚಾರಿಸುತ್ತಾನೆ. ಅವಳು ಹಾಡಿನಲ್ಲಿಯೇ ಹೇಳಬೇಕು. ಅವಳ ಬಾಯಿಂದ ಬರುವ ತನಕ ಕಾಯುತ್ತಾರೆ. ನೀವು ಕೇಳಿರುವುದೂ ಇದನ್ನೇ ಅಲ್ಲವೇ?

ಸಿರಿಯ ಕಥೆ ನಿಮಗೂ ಗೊತ್ತಿರಬಹುದು. ಸೀಮಂತಕ್ಕೆಂದು ಗಂಡ ಕಾಂತು ಪೂಂಜ ತಂದ ಸೀರೆಯನ್ನು ಮೊದಲು ಬೇರೊಬ್ಬಳು ಉಟ್ಟಿದ್ದಾಳೆಂದು ತಿಳಿದಾಗ ಅದನ್ನು ಒಲ್ಲೆನೆಂದವಳು, ಸಂಬಂಧ ಕಡಿದುಕೊಂಡವಳು, ಎಳೆಗೂಸಿನೊಡನೆ ಊರು ಬಿಟ್ಟವಳು, ಮುಂದೆ ಮರುಮದುವೆಯಾದವಳು. ಮಾಚಾರಿನ ಗೋಪಾಲ ನಾಯ್ಕರು ಈ ಪಾಡ್ದನವನ್ನು, ಅಂದರೆ ತುಳುವಿನ ಕಥನಗೀತೆಯನ್ನು, ಹಾಡಿದ್ದನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರ ತಂಡ 1990ರಲ್ಲಿ ದಾಖಲಿಸಿಕೊಂಡಿತು. ಅದು 15,683 ಸಾಲು. ಒಬ್ಬ ಹೆಣ್ಣಿನ ಅವಮಾನವನ್ನು ಇಷ್ಟು ಬಿಡಿಸಿ ಹಾಡಿಕೊಂಡು ಬಂದ ನಾಡು ನಮ್ಮದು. ಓದಿದವರು ಕೆಲವರು ಸಿರಿ ಬರುವುದನ್ನು ಉನ್ಮಾದ ಎಂದು ತಳ್ಳಿಹಾಕುವಾಗ ನನಗೆ ಸಿಟ್ಟು ಬರುತ್ತದೆ. ಮರುದಿನ ಬೆಳಿಗ್ಗೆ ದೊಡ್ಡಮ್ಮನ ಮುಖ ನೋಡಿದವಳು ನಾನು.

ಶಿಬಿರದಲ್ಲಿ ನಿಮಗೆ ಮೌನ ಕಲಿಸಿದರು. ನಿಮ್ಮ ಬರಹ ಓದಿದರೆ ಮೌನ ನಿಮಗೆ ಮೊದಲೇ ಚೆನ್ನಾಗಿ ಗೊತ್ತಿದ್ದಂತಿದೆ. ನುಂಗಿಕೊಂಡ ಮಾತು ಹೊರಬರದೆ ನೆಮ್ಮದಿ ನಿಲ್ಲದು ಎಂಬುದು ನನ್ನ ನಂಬಿಕೆ.

ಅದಕ್ಕೆ ನೀವು ಸಿರಿಯಾಗಬೇಕಿಲ್ಲ. ಅದು ಹಿರಿಯರ ಮೂಲಕ, ಅದರದೇ ಕಟ್ಟುಕಟ್ಟಳೆಯಲ್ಲಿ ಬರುವಂಥದ್ದು. ನಾನೂ ಆಗಲಿಲ್ಲ. ಮುಸ್ಸಂಜೆ ತುಳಸಿಕಟ್ಟೆಯಲ್ಲಿ ದೀಪವಿಟ್ಟ ಮೇಲೆ ಅಂದಿನ ಸಂಕಟ, ಸಿಟ್ಟು, ಹೊಟ್ಟೆಕಿಚ್ಚು ಎಲ್ಲವನ್ನೂ ತುಳುವಿನಲ್ಲಿ ಬಾಯಿಬಿಟ್ಟು ಹೇಳುತ್ತೇನೆ. ಮಂತ್ರವಿಲ್ಲ, ಸಂಕಲ್ಪವಿಲ್ಲ. ಯಾರ ಹತ್ತಿರ ಮಾತಾಡುತ್ತೀ ಎಂದು ಮಗ ಮೊದಮೊದಲು ಕೇಳುತ್ತಿದ್ದ. ಈಗ ಆ ಹೊತ್ತಿಗೆ ಟಿವಿಯ ಸದ್ದು ತಗ್ಗಿಸುತ್ತಾನೆ. ಫ್ಲ್ಯಾಟಿನ ಬಾಲ್ಕನಿಯ ಕುಂಡದ ತುಳಸಿಯೂ ಆದೀತು.

ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಲು ಮಾತ್ರ ಅವಸರಪಡಬೇಡಿ. ಅಲ್ಲಿಂದ ದೋಷಗಳ, ಪರಿಹಾರಗಳ ಪಟ್ಟಿ ಹೊತ್ತು ಬರುವ ಹೆಂಗಸರನ್ನು ತುಂಬ ನೋಡಿದ್ದೇನೆ. ನಿದ್ದೆ ಬರುತ್ತಿಲ್ಲ ಎಂದೂ ಒಂದು ಕಡೆ ಬರೆದಿದ್ದೀರಿ. ಅದು ವಾರಗಟ್ಟಲೆ ಮುಂದುವರಿದಿದ್ದರೆ ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತಾಡಬಹುದು. ದೈವವನ್ನು ನಂಬಿದವರು ಮದ್ದು ತೆಗೆದುಕೊಳ್ಳಬಾರದು ಎಂದು ಯಾವ ದೈವವೂ ನುಡಿ ಕೊಟ್ಟದ್ದನ್ನು ನಾನು ಕೇಳಿಲ್ಲ.

ಬೇಸಗೆಯಲ್ಲಿ ಸಿರಿಜಾತ್ರೆಗೆಂದು ಹಿರಿಯಡ್ಕಕ್ಕೋ ಕವತ್ತಾರಿಗೋ ಒಮ್ಮೆ ಬನ್ನಿ, ಸಾಧ್ಯವಾದರೆ ತಾಯಿಯನ್ನೂ ಕರೆದುಕೊಂಡು. ಮೊಬೈಲ್ ಚೀಲದಲ್ಲಿರಲಿ, ಚಿತ್ರ ತೆಗೆಯಬೇಡಿ. ಹಾಡು ಅರ್ಥವಾಗದ ಕಡೆ ಪಕ್ಕದಲ್ಲಿ ಕುಳಿತ ಅಜ್ಜಿಯಂದಿರನ್ನು ಕೇಳಿದರೆ ಬಿಡಿಸಿ ಹೇಳುತ್ತಾರೆ.